ವೆಳ್ಳವೋ ಬೆಲ್ಲವೋ?

ತಾಂಬರದಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ತಮಿಳು ಪೂರಾ ಪರಭಾಷೆಯೆಂದು ಎಂದೂ ಅನ್ನಿಸಿದ್ದಿಲ್ಲ. ಇದು ನಮ್ಮ ಅನುಕೂಲವೂ ಹೌದು, ನಮ್ಮ ಪಜೀತಿಯ ಮೂಲವೂ ಹೌದು. ದಿಲ್ಲಿಗೋ ಕಲಕತ್ತೆಗೋ ಹೋದ ಕನ್ನಡಿಗನು ಅಲ್ಲಿಯ ಮಾತು ತನಗೆ ತಿಳಿಯದೆಂದು ಮೊದಲೇ ಒಪ್ಪಿಕೊಂಡು, ಕೈಸನ್ನೆ ಬಾಯಿಸನ್ನೆಗಳ ಸಹಾಯದಿಂದ ಎಚ್ಚರವಾಗಿ ವ್ಯವಹರಿಸುತ್ತಾನೆ. ತಾಂಬರದ ನಿಲ್ದಾಣದಲ್ಲಿ ಇಳಿದವನಿಗೆ ಆ ಎಚ್ಚರ ಹುಟ್ಟುವುದೇ ಇಲ್ಲ. 'ವಾ' ಎಂದರೆ ಬಾ, 'ಪೋ' ಎಂದರೆ ಹೋಗು, 'ಇರು' ಎಂದರೆ ಇರು, 'ಕೊಡು' ಎಂದರೆ ಕೊಡು, ಇನ್ನೇನು ಕಲಿಯುವುದಿದೆ? ಎರಡು ದಿನಗಳಲ್ಲಿ ತಮಿಳು ಬಂದುಬಿಟ್ಟಿತೆಂದು ಮೀಸೆ ತಿರುವುತ್ತಾನೆ. ಮೂರನೆಯ ದಿನ ಮನೆ ಹುಡುಕಲು ಹೊರಡುತ್ತಾನೆ.

ಮುಡಿಚ್ಚೂರು, ಸೇಲೈಯೂರು, ವಂಡಲೂರುಗಳ ರಸ್ತೆಯ ಬದಿಯಲ್ಲಿ 'ಮನೈ ವಿರ್ಪನೈಕ್ಕು' ಎಂಬ ಹಲಗೆಗಳು ಬೇಕಾದಷ್ಟು. ತಮಿಳಕ್ಷರವನ್ನು ಕೂಡಿಸಿ ಓದಲು ಕಲಿತ ನಮ್ಮ ಗೃಹಸ್ಥನಿಗೆ ಪರಮಾನಂದ: ಮನೆ ಮಾರಾಟಕ್ಕಿದೆ, ಬೆಲೆಯೂ ತಾನೆಂದುಕೊಂಡದ್ದಕ್ಕಿಂತ ಕಡಮೆ! ಹೋಗಿ ನೋಡಿದರೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು, ನಡುವೆ ಒಂದು ಮೇಯುವ ಆಡು. ತಮಿಳಿನ ಆಡುಮಾತಿನಲ್ಲಿ 'ಮನೈ' ಎಂದರೆ ಮನೆ ಕಟ್ಟುವ ನಿವೇಶನ. ಕಟ್ಟಿದ ಮನೆಗೆ 'ವೀಡು' ಎನ್ನಬೇಕು. ಸರಿ, ಹಾಗಾದರೆ ನಿವೇಶನವನ್ನೇ ಕೊಳ್ಳೋಣವೆಂದು, ಬೆಂಗಳೂರಿನ ಅಭ್ಯಾಸದಂತೆ 'ಸೈಟು ನೋಡಲು ಬಂದಿದ್ದೇನೆ' ಎಂದರೆ ಕೇಳಿದ ಹುಡುಗರು ಮುಸಿಮುಸಿ ನಗುತ್ತಾರೆ. ಇಲ್ಲಿ 'ಸೈಟ್ ಅಡಿಕ್ಕಿರದು' ಎಂದರೆ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳತ್ತ ಕಣ್ಣು ಹಾಯಿಸುತ್ತ ನಿಲ್ಲುವ ಪುಂಡಾಟಿಕೆ. ಮಾರುವವನು 'ಒಂದು ಗ್ರೌಂಡ್ ಇದೆ' ಎಂದನೆಂದರೆ ಆಟದ ಮೈದಾನವೆಂದು ಹೆದರಬೇಕಾಗಿಲ್ಲ. ಮದರಾಸಿನ ಕಡೆ ಗ್ರೌಂಡ್ ಎಂಬುದು ಒಂದು ಅಳತೆ, 2400 ಚದರಡಿ. ನಮ್ಮ ಮೂವತ್ತು-ನಲವತ್ತರ ಸೈಟಿನ ಎರಡರಷ್ಟು.

ಅಕ್ಕತಂಗಿಯರಂತಿರುವ ಭಾಷೆಗಳಲ್ಲಿ ಇಂಥ ತೊಡಕು ಬರುವುದಕ್ಕೆ ಕಾರಣಗಳುಂಟು. ಒಂದೇ ಬೇರಿನಿಂದ ಹೊರಟ ಶಬ್ದವು ಒಂದು ಕಡೆ ಒಂದರ್ಥಕ್ಕೂ ಇನ್ನೊಂದು ಕಡೆ ಇನ್ನೊಂದಕ್ಕೂ ನಿಂತುಬಿಡುವುದು ಮೊದಲನೆಯದು; ಮನೆ ಮತ್ತು ಮನೈ ಹೀಗಾದವು. ಉಚ್ಚಾರದ ಬದಲಾವಣೆ ಎರಡನೆಯದು. ಪಂಪನ ಕಾಲದ ಕನ್ನಡದಲ್ಲಿ ಹಾಲು ಇನ್ನೂ 'ಪಾಲ್' ಆಗಿಯೇ ಇತ್ತು. ಬರಬರುತ್ತ ನಮ್ಮ ಪಕಾರಗಳು ಹಕಾರಗಳಾದವು, ತಮಿಳಿನವು ಹಾಗೆಯೇ ಉಳಿದವು. ಹಂಚಿಕೆಯ 'ಪಾಲು' ಮಾತ್ರ ನಮ್ಮಲ್ಲಿ ಪಕಾರವನ್ನು ಬಿಡಲಿಲ್ಲ. ಆದುದರಿಂದ ಬೆಳಗಿನ ಐದು ಗಂಟೆಗೆ ಬಾಗಿಲು ತಟ್ಟಿ 'ಪಾಲ್!' ಎಂದು ಕೂಗುವವನನ್ನು ಕಂಡು, ಹೊಸದಾಗಿ ಬಂದ ಕನ್ನಡದ ಸೊಸೆ, ಇದಾರು ಆಸ್ತಿಯಲ್ಲಿ ಪಾಲು ಕೇಳಲು ಬಂದ ದಾಯಾದಿ ಎಂದು ಬೆಚ್ಚಿದರೆ ತಪ್ಪೇನು? ಹಾಗೆಯೇ ಅವರ ವಕಾರ ನಮ್ಮಲ್ಲಿ ಬಕಾರ: ವಂಡಿ ಬಂಡಿಯಾಯಿತು, ವಾಡಗೈ ಬಾಡಿಗೆಯಾಯಿತು, ವೆಳ್ಳಿ ಬೆಳ್ಳಿಯಾಯಿತು. ಈ ಎರಡು ಸೂತ್ರಗಳನ್ನು ಹಿಡಿದುಕೊಂಡರೆ ತಮಿಳು ಅರ್ಧ ಬಂದಂತೆ. ಈ ಭಾಷೆಗಳ ಶಬ್ದಗಳನ್ನೆಲ್ಲ ಬೇರು ಹಿಡಿದು ಒಟ್ಟುಗೂಡಿಸಿದ ಬರೋ ಮತ್ತು ಎಮೆನೊ ಪಂಡಿತರ ದ್ರಾವಿಡ ನಿಘಂಟು 1961ರಲ್ಲಿ ಹೊರಬಂದಿತು. ಪರಿಷ್ಕರಿಸಿದ ಆವೃತ್ತಿ 1984ರಲ್ಲಿ. ಕುತೂಹಲವುಳ್ಳವರು ಒಮ್ಮೆ ತಿರುವಿ ಹಾಕಬಹುದು. ಕಾದಂಬರಿಗಿಂತ ಸ್ವಾರಸ್ಯವಾಗಿದೆಯೆಂಬುದು ನಮ್ಮ ಅಭಿಪ್ರಾಯ, ಮನೆಯವರು ಒಪ್ಪುವುದಿಲ್ಲ.

ಸೂತ್ರ ಹಿಡಿದವನೂ ಮುಗ್ಗರಿಸುವ ಒಂದು ಶಬ್ದವಿದೆ, ಅದು 'ವೆಳ್ಳಂ'. ತಮಿಳಿನಲ್ಲಿ 'ವೆಲ್ಲಂ' ಎಂದು ಲಕಾರವನ್ನು ಮೆಲ್ಲಗೆ ಹೇಳಿದರೆ ಬೆಲ್ಲ. 'ವೆಳ್ಳಂ' ಎಂದು ಳಕಾರವನ್ನು ಒತ್ತಿದರೆ ನೆರೆ, ಪ್ರವಾಹ. ಅದೇ 'ವೆಳ್ಳಂ' ಪಾಲಘಾಟಿನ ಕಣಿವೆಯನ್ನು ದಾಟಿ ಮಲೆಯಾಳಕ್ಕೆ ಹೋದರೆ ಬರಿಯ ನೀರು, ಕುಡಿಯುವ ನೀರು. ಇದು ನಗುವ ಮಾತಷ್ಟೇ ಅಲ್ಲವೆಂಬುದನ್ನು 2015ರ ಡಿಸೆಂಬರ್ ನಮಗೆ ತೋರಿಸಿಕೊಟ್ಟಿತು. ಆ ತಿಂಗಳ ಮೊದಲ ದಿನ ಹಿಡಿದ ಮಳೆ ಮರುದಿನ ಬೆಳಗಾಗುವುದರೊಳಗೆ ತಾಂಬರದಲ್ಲಿ 49 ಸೆಂಟಿಮೀಟರ್ ಸುರಿದಿತ್ತು. ಅಡಯಾರು ನದಿ ದಡ ಮೀರಿತು. ಮುಡಿಚ್ಚೂರು, ವರದರಾಜಪುರಗಳ ಬೀದಿಗಳು ಹೊಳೆಗಳಾದವು. ಕಾಸರಗೋಡಿನ ಕಡೆಯಿಂದ ಆ ವರ್ಷವೇ ಬಂದು ಮುಡಿಚ್ಚೂರಿನಲ್ಲಿ ನೆಲಮಹಡಿಯ ಮನೆ ಹಿಡಿದಿದ್ದ ನಮ್ಮವರ ಕುಟುಂಬವೊಂದಿತ್ತು. ಮಗ ಸೊಸೆ ಕೆಲಸಕ್ಕೆ ಹೋಗಿ ಮರಳಲಾರದೆ ಸಿಕ್ಕಿಕೊಂಡಿದ್ದರು. ಮನೆಯಲ್ಲಿ ಅಜ್ಜಿ ಮತ್ತು ಎಂಟು ವರ್ಷದ ಮೊಮ್ಮಗಳು. ಬೀದಿಯಲ್ಲಿ ಯಾರೋ 'ವೆಳ್ಳಂ ವರುದು, ವೆಳ್ಳಂ ವರುದು' ಎಂದು ಕೂಗುತ್ತ ಓಡಿದರು. ಅಜ್ಜಿಯ ಕಿವಿ ಮಲೆಯಾಳಕ್ಕೆ ಪಳಗಿದ ಕಿವಿ. ಕರೆಂಟು ಹೋಗಿ ಎರಡು ದಿನ ನಲ್ಲಿಯಲ್ಲಿ ಹನಿ ನೀರಿರಲಿಲ್ಲ. ನೀರಿನ ಲಾರಿ ಬಂದಿತೆಂದು ಆಕೆ ಎರಡು ಬಿಂದಿಗೆ ಹಿಡಿದು ಗೇಟಿನ ಬಳಿ ಹೋಗಿ ನಿಂತರು, ಮೊಮ್ಮಗಳು ಒಂದು ಬಕೆಟ್ಟು ಹಿಡಿದು ಹಿಂದೆ. ಎದುರುಮನೆಯ ತಮಿಳು ಹೆಂಗಸು ಕಂಡು, 'ಪಾಟಿ, ಮೇಲೆ ವಾಂಗ' ಎಂದು ಕೈಹಿಡಿದು ಎಳೆದು ತನ್ನ ಮಹಡಿಗೆ ಕರೆದೊಯ್ದಳು. ಅರ್ಧ ಗಂಟೆಯಲ್ಲಿ ಗೇಟು ಮುಳುಗಿತು. 'ಮೇಲೆ' ಎಂಬ ಮಾತು ಎರಡು ಭಾಷೆಗೂ ಒಂದೇ ಅರ್ಥದ್ದಾಗಿದ್ದುದು ಪುಣ್ಯ. ಬಿಂದಿಗೆಗಳು ಮಾತ್ರ ಹೋದವು.

ನೀರಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಯೇಬಿಡೋಣ, ಹಿರಿಯರು ಕ್ಷಮಿಸಬೇಕು. ತಮಿಳಿನಲ್ಲಿ ನೀರಿಗೆ 'ತಣ್ಣೀರ್', ಆಡುಮಾತಿನಲ್ಲಿ 'ತಣ್ಣಿ'. ಮೂಲದಲ್ಲಿ ತಣ್ಣನೆಯ ನೀರು. ಈಗ ಕುದಿಯುವ ನೀರೂ ಬಾಯಿಮಾತಿನಲ್ಲಿ 'ಸುಡು ತಣ್ಣಿ'! ಬಿಳಿಯ ದೊರೆಗಳು ಇಷ್ಟಪಟ್ಟು ಕುಡಿಯುತ್ತಿದ್ದ 'ಮಲ್ಲಿಗಟಾನಿ' ಎಂಬ ಸೂಪಿನ ಹೆಸರು ಹುಟ್ಟಿದ್ದು 'ಮಿಳಗು ತಣ್ಣಿ', ಅಂದರೆ ಮೆಣಸಿನ ನೀರಿನಿಂದ. ಆದರೆ 'ತಣ್ಣಿ ಅಡಿಚ್ಚಿರುಕ್ಕಾನ್' ಎಂದರೆ ನೀರು ಹೊಡೆದಿದ್ದಾನೆ ಎಂದಲ್ಲ, ಹೆಂಡ ಕುಡಿದಿದ್ದಾನೆ ಎಂದು. ಬೆಂಗಳೂರಿನ ಹುಡುಗರು ಇದೇ ಕೆಲಸಕ್ಕೆ 'ಎಣ್ಣೆ ಹಾಕುವುದು' ಎನ್ನುತ್ತಾರೆ. ಒಂದೂರಿನಲ್ಲಿ ನೀರು, ಇನ್ನೊಂದೂರಿನಲ್ಲಿ ಎಣ್ಣೆ. ಎರಡು ಕಡೆಯೂ ಹಾಳಾಗುವುದು ಸಂಸಾರವೇ. ಕನ್ನಡದಲ್ಲಿ 'ಗುಂಡು ಹಾಕುವುದು' ಎಂಬ ಮಾತೂ ಉಂಟು. ತಮಿಳಿನಲ್ಲಿ 'ಗುಂಡು' ಎಂದರೆ ಬಾಂಬು. 'ಗುಂಡು ಪೋಡು' ಎಂದರೆ ಬಾಂಬು ಹಾಕು. ನಮ್ಮ ತಾಂಬರದಲ್ಲಿ ವಿಮಾನಪಡೆಯ ನೆಲೆ ಇರುವುದರಿಂದ, ಶನಿವಾರ ಸಾಯಂಕಾಲ ಊರಿಂದ ಬಂದ ನೆಂಟರು ರಸ್ತೆಯಲ್ಲಿ ನಿಂತು 'ಎಲ್ಲಾದರೂ ಗುಂಡು ಹಾಕೋಣವೇ?' ಎಂದು ಗಟ್ಟಿಯಾಗಿ ಕೇಳದಿರುವುದು ಕ್ಷೇಮ. ದಪ್ಪಗಿರುವವರನ್ನೂ ಇಲ್ಲಿ 'ಗುಂಡು' ಎನ್ನುತ್ತಾರೆ. ಗುಂಡಣ್ಣ, ಗುಂಡೂರಾವ್ ಮುಂತಾದ ಗೌರವಸ್ಥ ಹೆಸರುಳ್ಳ ನಮ್ಮ ಸದಸ್ಯರು ಶಾಲೆಯ ದಿನಗಳಲ್ಲಿ ಪಟ್ಟ ಪಾಡು ಅವರಿಗೇ ಗೊತ್ತು.

1931ರಿಂದ ಬೀಚಿಗೂ ತಾಂಬರಕ್ಕೂ ನಡುವೆ ಓಡುತ್ತಿರುವ ವಿದ್ಯುತ್ ರೈಲು ಈ ಆಡುನುಡಿಯ ದೊಡ್ಡ ಪಾಠಶಾಲೆ. ಅಲ್ಲಿ ನಾವು ಕಲಿತ ಮೊದಲ ಪಾಠ 'ತುಂಡು'. ನಮಗೆ ತುಂಡು ಎಂದರೆ ಚೂರು. ಅವರಿಗೂ ಆ ಅರ್ಥವಿದೆ. ಜೊತೆಗೆ ಹೆಗಲ ಮೇಲಿನ ವಸ್ತ್ರವೂ, ಮೈ ಒರಸುವ ಟವೆಲೂ ತುಂಡೇ. ಕಿಟಕಿಯಿಂದ ವಸ್ತ್ರವನ್ನೆಸೆದು ಜಾಗ ಹಿಡಿಯುವುದು ಎರಡು ನಾಡಿಗೂ ಸಮಾನವಾದ ನಾಗರಿಕತೆ. ಆದರೆ ತಮಿಳರು ಅದನ್ನೊಂದು ನುಡಿಗಟ್ಟಾಗಿಯೇ ಬೆಳೆಸಿದ್ದಾರೆ. ಆಫೀಸಿನಲ್ಲಿ ಬರಲಿರುವ ಬಡ್ತಿಗೋ, ಚುನಾವಣೆಯ ಟಿಕೇಟಿಗೋ ಮುಂಚಿತವಾಗಿ ಹಕ್ಕು ಸ್ಥಾಪಿಸುವವನನ್ನು 'ತುಂಡು ಪೋಟ್ಟುಟ್ಟಾನ್' ಎನ್ನುತ್ತಾರೆ. ಇದಕ್ಕೆ ಸರಿಗಟ್ಟುವ ಮಾತು ಕನ್ನಡದಲ್ಲಿ ನಮಗೆ ಸಿಕ್ಕಿಲ್ಲ, ಕೊಂಚ ಅಸೂಯೆಯೇ ಆಗುತ್ತದೆ.

ಶಬ್ದಗಳು ಬೇರೆಯಾದರೂ ಊಹೆ ಒಂದೇ ಆಗಿರುವುದುಂಟು. ಕಾಲೇಜಿನ ಹುಡುಗ ಹುಡುಗಿ ಗಂಟೆಗಟ್ಟಲೆ ಹರಟಿದರೆ ಮದರಾಸಿನಲ್ಲಿ 'ಕಡಲೈ ಪೋಡುರಾನ್', ಕಡಲೆ ಹಾಕುತ್ತಾನೆ. ನಮ್ಮ ಹುಡುಗರು 'ಕಾಳು ಹಾಕುತ್ತಾನೆ' ಎನ್ನುತ್ತಾರೆ. ಇನ್ನು, ಕೇಳುವವನಿಗೆ ಸಾಕಾಗುವಂತೆ ಮಾತನಾಡುವವನನ್ನು ನಾವು 'ಕೊರೆಯುತ್ತಾನೆ' ಎಂದರೆ, ಅವರು 'ಅರುವೈ' ಎನ್ನುತ್ತಾರೆ, ಅಂದರೆ ಕೊಯ್ಯುವುದು. 'ಬ್ಲೇಡು' ಎಂದೂ ಹೇಳುವುದುಂಟು. ಇಂಗ್ಲಿಷಿನ 'ಬೋರ್' ಎಂಬ ಶಬ್ದಕ್ಕೂ ತೂತು ಕೊರೆಯುವ ಅರ್ಥವಿದೆ. ಮೂರು ಭಾಷೆಯವರಿಗೂ ಭಾಷಣವೆಂದರೆ ಆಯುಧವೇ ನೆನಪಾಗುವುದು ಸೋಜಿಗ.

ನಗುವುದಕ್ಕಾಗದ ಸಂದರ್ಭಗಳಿಗೆ ಬರೋಣ. ಮಗನ ಮನೆಗೆಂದು ಶಿವಮೊಗ್ಗದ ಕಡೆಯಿಂದ ಬಂದಿದ್ದ ವೃದ್ಧೆಯೊಬ್ಬರು, ಕಾಲಿಗೆ ಮುಳ್ಳು ತರಚಿ ಬಾತುಕೊಂಡು, ಇಲ್ಲಿಯ ಒಂದು ಆಸ್ಪತ್ರೆಗೆ ಹೋದರು. 'ನಂಜಾಗಿದೆ, ನಂಜು ಏರುತ್ತಾ ಇದೆ' ಎಂದರು. ದಾದಿಗೆ ಕೇಳಿಸಿದ್ದು 'ನೆಂಜು'. ತಮಿಳಿನಲ್ಲಿ ನೆಂಜು ಎಂದರೆ ಎದೆ. ಕೂಡಲೇ ಮಲಗಿಸಿ, ಎದೆಗೆ ತಂತಿಗಳನ್ನಂಟಿಸಿ, ಹೃದಯದ ಪರೀಕ್ಷೆ ನಡೆಯಿತು; ಯಾರೂ ಕಾಲು ನೋಡಲಿಲ್ಲ. ಆಕೆಯೂ ದೊಡ್ಡ ಆಸ್ಪತ್ರೆಯಲ್ಲಿ ಕಾಲಿನ ನಂಜನ್ನು ಎದೆಯಿಂದಲೇ ನೋಡುತ್ತಾರೇನೋ ಎಂದು ಸುಮ್ಮನಿದ್ದರು. ಇದು ಸುಖಾಂತವಾಯಿತು. ಆದರೆ ಇದರ ತಿರುಗುಮುರುಗು ನಡೆದರೆ? ನಿಜವಾಗಿ ಎದೆ ಹಿಡಿದುಕೊಂಡವರು 'ಎದೆ, ಎದೆ' ಎಂದರೆ, ತಮಿಳರಿಗೆ ಅದು 'ಎದೈ' ಎಂದು ಕೇಳುವುದುಂಟು, 'ಯಾವುದನ್ನು?' ಎಂಬುದು ಅದರ ಅರ್ಥ. ಯಾವುದನ್ನು ಎಂದು ಕೇಳಿದವರಿಗೆ ಯಾವುದನ್ನು ಎಂದು ಉತ್ತರ ಹೇಳಿದಂತಾಗುತ್ತದೆ. ಅಂಥ ಹೊತ್ತಿನಲ್ಲಿ ಐದು ನಿಮಿಷ ಕಳೆದರೂ ಕಷ್ಟ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಒಂಟಿಯಾಗಿರುವ ಹಿರಿಯರು ಬೇರೆ ತಮಿಳು ಕಲಿಯದಿದ್ದರೂ 'ನೆಂಜು ವಲಿ' ಎಂಬ ಎರಡು ಶಬ್ದಗಳನ್ನು ಬಾಯಿಪಾಠ ಮಾಡಿಕೊಳ್ಳಲಿ. 'ವಲಿ' ಎಂದರೆ ನೋವು. ಕುತ್ತಿಗೆ ನೋವಿಗೆ 'ಕತ್ತು' ಎನ್ನಬೇಡಿ, ಇಲ್ಲಿ 'ಕತ್ತು' ಎಂದರೆ ಕಿರುಚು, 'ಕಳುತ್ತು' ಎನ್ನಿ. ತಲೆ ಸುತ್ತುವುದಕ್ಕೆ ಮಾತ್ರ ಚಿಂತೆಯಿಲ್ಲ, ಎರಡು ಭಾಷೆಯವರಿಗೂ ತಲೆ ಒಂದೇ ರೀತಿ ಸುತ್ತುತ್ತದೆ.

ಮಾನದ ಪ್ರಶ್ನೆ ಪ್ರಾಣದ ಪ್ರಶ್ನೆಗಿಂತ ಚಿಕ್ಕದಲ್ಲ. ನಮ್ಮ ತಾಯಂದಿರು ಹೊತ್ತೇರಿದರೂ ಏಳದ ಮಗನನ್ನು 'ಸೋಮಾರಿ, ಏಳೋ' ಎಂದು ಎಬ್ಬಿಸುವುದು ನಿತ್ಯದ ಸುಪ್ರಭಾತ. ಆ ಮಾತಿನಲ್ಲಿ ಸಿಟ್ಟಿಗಿಂತ ಮುದ್ದೇ ಹೆಚ್ಚು. ಮದರಾಸಿನ ಬೀದಿಯ ತಮಿಳಿನಲ್ಲಿ 'ಸೋಮಾರಿ' ಒಂದು ಒರಟು ಬೈಗುಳ. ಸೇಲೈಯೂರಿನ ಒಂದು ಮನೆಯಲ್ಲಿ, ಆರು ವರ್ಷ ಮನೆಯವಳಂತೆಯೇ ಇದ್ದ ಕೆಲಸದ ಹೆಂಗಸು ಒಂದು ದಿನ ತಡವಾಗಿ ಬಂದಾಗ, ಯಜಮಾನಿ ನಗುತ್ತಲೇ ಆ ಮಾತನ್ನಾಡಿದರು. ಆಕೆ ಉತ್ತರವನ್ನೂ ಕೊಡದೆ ಸೆರಗು ಕೊಡವಿ ಹೊರಟುಹೋದಳು. ಕಾರಣವೇ ತಿಳಿಯದೆ ಹದಿನೈದು ದಿನ ಕಳೆಯಿತು. ಕೊನೆಗೆ ಇಬ್ಬರ ಮಾತನ್ನೂ ಬಲ್ಲ ಪಕ್ಕದ ಮನೆಯ ಮಾಮಿಯೊಬ್ಬರು ಸಂಧಾನ ನಡೆಸಿದರು. ಯಜಮಾನಿ ಹೋಗಿ, 'ಅಮ್ಮಾ, ನಮ್ಮ ಊರಲ್ಲಿ ನಮ್ಮ ಮಗನಿಗೂ ಹಾಗೇ ಅಂತೀವಿ' ಎಂದು ಹೇಳಬೇಕಾಯಿತು. ಆಕೆ ಮರಳಿ ಬಂದಳೆನ್ನಿ. ಈಗ ಆ ಮನೆಯ ಮಗ ಏಳದಿದ್ದರೆ ಅವಳೇ 'ಸೋಮಾರಿ' ಎಂದು ಕನ್ನಡದ ಅರ್ಥದಲ್ಲಿ ಕೂಗುತ್ತಾಳಂತೆ.

'ಬೇಜಾರು' ಎಂಬುದರ ಪ್ರಯಾಣವನ್ನೂ ನೋಡಿ. ಪಾರಸಿಯಲ್ಲಿ ಹುಟ್ಟಿ ಉರ್ದುವಿನ ಮೂಲಕ ದಕ್ಷಿಣಕ್ಕಿಳಿದ ಈ ಶಬ್ದ ಮದರಾಸಿನಲ್ಲಿ ತೊಂದರೆ, ತಲೆನೋವು. ಬೆಂಗಳೂರಿನಲ್ಲಿ ಹೊತ್ತು ಹೋಗದಿರುವಿಕೆ. ಮಂಗಳೂರಿನಲ್ಲಿ ಮನಸ್ಸಿನ ನೋವು. 'ನನಗೆ ಬೇಜಾರಾಗಿದೆ' ಎಂದು ಮಂಗಳೂರಿನ ಸೊಸೆ ಅತ್ತರೆ, 'ಸಿನಿಮಾಕ್ಕೆ ಹೋಗೋಣ' ಎಂದು ಬೆಂಗಳೂರಿನ ಗಂಡ ಹೇಳಿದ್ದನ್ನು ನಾವು ಬಲ್ಲೆವು.

ಸಂಸ್ಕೃತದಿಂದ ಎರವಲು ತಂದ ಶಬ್ದಗಳಾದರೂ ನೆಟ್ಟಗಿವೆಯೇ ಎಂದರೆ, ಇಲ್ಲ. 'ಸಂಸಾರ' ನಮಗೆ ಕುಟುಂಬ, ತಮಿಳರಿಗೆ ಹೆಂಡತಿ, ಮಲೆಯಾಳಿಗಳಿಗೆ ಮಾತುಕತೆ. ಮೂರೂ ಕೊನೆಗೆ ಒಂದೇ ಎಂದು ವಿನೋದಪ್ರಿಯರು ಹೇಳಬಹುದು. 'ಅವಸರ' ನಮಗೂ ತಮಿಳರಿಗೂ ತ್ವರೆ, ತೆಲುಗರಿಗೆ ಅಗತ್ಯ, ಹಿಂದಿಯವರಿಗೆ ಸದವಕಾಶ. ನಮ್ಮ 'ಪ್ರಸಂಗ' ಅವರಲ್ಲಿ ಭಾಷಣ. ಆದರೆ 'ಅಧಿಕಪ್ರಸಂಗ' ಮಾತ್ರ ಎರಡೂ ಕಡೆ ಅಧಿಕಪ್ರಸಂಗವೇ. 'ಶಿಕ್ಷೆ' ಎಂದರೆ ನಮಗೆ ದಂಡನೆ, ಹಿಂದಿಯಲ್ಲಿ ವಿದ್ಯಾಭ್ಯಾಸ. ಈ ಒಂದರ ವಿಷಯದಲ್ಲಿ ಮಕ್ಕಳನ್ನು ಕೇಳಿದರೆ ವ್ಯತ್ಯಾಸವೇ ಇಲ್ಲವೆನ್ನುತ್ತಾರೆ.

ಹೊರಗಿನವರ ಮಾತು ಹಾಗಿರಲಿ, ನಮ್ಮ ಸಂಘದ ಚಾವಡಿಯೊಳಗೇ ಏನು ನಡೆಯುತ್ತದೆ! 1953ರವರೆಗೆ ಬಳ್ಳಾರಿಯೂ 1956ರವರೆಗೆ ದಕ್ಷಿಣ ಕನ್ನಡವೂ ಮದರಾಸಿನ ಆಡಳಿತದಲ್ಲಿದ್ದುದರಿಂದ ಆ ಕಡೆಯವರು ಓದಿಗೆ, ಕೋರ್ಟುಕಚೇರಿಗೆ ಇಲ್ಲಿಗೆ ಬರುತ್ತಿದ್ದರು; 1937ರಲ್ಲಿ ಕ್ರಿಶ್ಚಿಯನ್ ಕಾಲೇಜು ತಾಂಬರಕ್ಕೆ ಬಂದ ಮೇಲೆ ವಿದ್ಯಾರ್ಥಿಗಳಿಗೆ ಈ ಊರೂ ಪರಿಚಿತವಾಯಿತು. ಆಮೇಲೆ ರೈಲ್ವೆ, ವಿಮಾನಪಡೆ, ಕಾರ್ಖಾನೆಗಳೆಂದು ಮೈಸೂರು, ಧಾರವಾಡ, ಕಲಬುರ್ಗಿಗಳ ಕಡೆಯವರು ಬಂದರು. ಒಂದು ಯುಗಾದಿಯ ಬೆಳಗ್ಗೆ, ಆಗತಾನೆ ಸದಸ್ಯರಾದ ಧಾರವಾಡದ ಹಿರಿಯರೊಬ್ಬರನ್ನು ಮೈಸೂರಿನ ತರುಣಿಯೊಬ್ಬಳು ವಿನಯದಿಂದ 'ತಿಂಡಿ ಆಯ್ತಾ, ಸಾರ್?' ಎಂದು ಕೇಳಿದಳು. ಅವರ ಮುಖ ಕೆಂಪಾಯಿತು. ಆ ಸೀಮೆಯಲ್ಲಿ ತಿಂಡಿ ಎಂದರೆ ತುರಿಕೆ! 'ಯವ್ವಾ, ಅದು ನಮಗಿಲ್ಲವಾ' ಎಂದು ಅವರು ಹೇಳಿದ್ದು ಈಗಲೂ ಸಂಘದಲ್ಲಿ ಗಾದೆಯಂತಾಗಿದೆ. ಅವರು 'ಮೊಮ್ಮಗನ್ನ ಸಾಲಿಗೆ ಹಚ್ಚೇನಿ' ಎಂದಾಗ ನಮ್ಮ ಹಳೆಯ ಮೈಸೂರಿನವರಿಗೆ ಸಾಲವೂ ಹಚ್ಚುವ ದೀಪವೂ ನೆನಪಾಗಿ ಗಾಬರಿಯಾಯಿತು. ಶಾಲೆಗೆ ಸೇರಿಸಿದ್ದೇನೆ ಎಂಬುದಷ್ಟೇ ಅದರ ಅರ್ಥ. ಕನ್ನಡ ಒಂದಲ್ಲ, ಕನ್ನಡಗಳು ಹಲವು ಎಂಬುದನ್ನು 9ನೆಯ ಶತಮಾನದ ಕವಿರಾಜಮಾರ್ಗವೇ ಗುರುತಿಸಿರುವಾಗ ನಾವು ಆಶ್ಚರ್ಯಪಡುವುದಕ್ಕೇನಿದೆ?

ಈಗ ನಮ್ಮ ಮಕ್ಕಳು ಅಮೆರಿಕ, ಇಂಗ್ಲೆಂಡು, ಆಸ್ಟ್ರೇಲಿಯಗಳಿಗೆ ಹೋಗಿ ನೆಲೆಸುತ್ತಿರುವುದರಿಂದ ಇಂಗ್ಲಿಷಿನ ಒಳಜಗಳವೂ ನಮ್ಮ ಮನೆಯೊಳಕ್ಕೆ ಬಂದಿದೆ. ವಧೂವರರ ಜಾಹೀರಾತುಗಳಲ್ಲಿ ನಾವು ಹೆಮ್ಮೆಯಿಂದ ಬರೆಯುವ 'ಹೋಮ್ಲಿ' ಎಂಬ ಗುಣವಾಚಕ ನಮ್ಮಲ್ಲಿ ಗೃಹಕೃತ್ಯನಿಪುಣೆ; ಇಂಗ್ಲೆಂಡಿನಲ್ಲಿ ಆಡಂಬರವಿಲ್ಲದ, ಹಿತವಾದ; ಅಮೆರಿಕದಲ್ಲಿ ನೋಡಲು ಚೆನ್ನಾಗಿಲ್ಲದ. ಅಲ್ಲೇ ಹುಟ್ಟಿ ಬೆಳೆದ ವರನ ಕೈಗೆ ಇಂಥ ಕಾಗದ ಸಿಕ್ಕಿದರೆ, ಹೆತ್ತವರೇ ಮಗಳನ್ನು ಕುರೂಪಿಯೆಂದು ಏಕೆ ಬರೆದರು ಎಂದು ಅವನು ಯೋಚಿಸುವುದು ಸಹಜ. ನಮ್ಮ ಹುಡುಗರು 'ಹೋದ ವರ್ಷ ಪಾಸ್ ಔಟ್ ಆದೆ' ಎಂದರೆ ಅಲ್ಲಿಯವರಿಗೆ ಮೂರ್ಛೆ ಹೋದೆ ಎಂದು ಕೇಳುತ್ತದೆ. ನಮ್ಮ ಹುಡುಗರದೂ ಪೂರ್ತಿ ತಪ್ಪಲ್ಲ, ಇದೇ ರೈಲಿನ ಹಾದಿಯಲ್ಲಿರುವ ಪರಂಗಿಮಲೆಯ ಸೈನಿಕ ಅಧಿಕಾರಿಗಳ ತರಬೇತಿ ಶಾಲೆಯಲ್ಲಿ ಇಂದಿಗೂ ನಡೆಯುವುದು ಪಾಸಿಂಗ್ ಔಟ್ ಪೆರೇಡೇ; ಬ್ರಿಟಿಷ್ ಸೈನ್ಯ ಬಿಟ್ಟುಹೋದ ಮಾತು. ಲಂಡನ್ನಿನಲ್ಲಿ 'ಪ್ಯಾಂಟು' ಒಳ ಉಡುಪು, ನ್ಯೂಯಾರ್ಕಿನಲ್ಲಿ ಹೊರ ಉಡುಪು. ಆಸ್ಟ್ರೇಲಿಯದಲ್ಲಿ 'ಥಾಂಗ್ಸ್' ಎಂದರೆ ಬಡಪಾಯಿ ಹವಾಯಿ ಚಪ್ಪಲಿ. ಬೇರೆ ದೇಶದ ಅಂಗಡಿಗಳಲ್ಲಿ ಅದನ್ನು ಕೇಳಿದರೆ ಏನು ಕೊಡುತ್ತಾರೆಂಬುದನ್ನು ಕುಟುಂಬ ಪತ್ರಿಕೆಯಲ್ಲಿ ಬರೆಯುವಂತಿಲ್ಲ. ದಕ್ಷಿಣ ಆಫ್ರಿಕದಲ್ಲಿ 'ರೋಬೋಟಿನ ಹತ್ತಿರ ಎಡಕ್ಕೆ ತಿರುಗಿ' ಎಂದರೆ ಯಂತ್ರಮಾನವನನ್ನು ಹುಡುಕಬೇಡಿ, ಅದು ರಸ್ತೆಯ ದೀಪದ ಕಂಬ, ಕೆಂಪು ಹಸುರು ತೋರಿಸುವುದು.

ದೊಡ್ಡವರೂ ಈ ಬಲೆಯಿಂದ ತಪ್ಪಿಸಿಕೊಂಡಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಂಗ್ಲ ಮತ್ತು ಅಮೆರಿಕನ್ ಸೇನಾಧಿಪತಿಗಳ ಸಭೆಯೊಂದರಲ್ಲಿ ಒಂದು ವಿಷಯವನ್ನು 'ಟೇಬಲ್' ಮಾಡಬೇಕೆಂದು ಆಂಗ್ಲರೂ ಮಾಡಬಾರದೆಂದು ಅಮೆರಿಕನ್ನರೂ ಬಹಳ ಹೊತ್ತು ವಾದಿಸಿದರೆಂದು ಚರ್ಚಿಲ್ ತಮ್ಮ ಯುದ್ಧದ ಇತಿಹಾಸದಲ್ಲಿ ಬರೆದಿದ್ದಾರೆ. ಆಂಗ್ಲರ ಪ್ರಕಾರ ಅದು ಕೂಡಲೇ ಚರ್ಚೆಗೆತ್ತಿಕೊಳ್ಳುವುದು, ಅಮೆರಿಕನ್ನರ ಪ್ರಕಾರ ಬದಿಗಿಡುವುದು. ಇಬ್ಬರಿಗೂ ಬೇಕಾಗಿದ್ದುದು ಒಂದೇ: ಅದನ್ನು ತಡಮಾಡದೆ ಚರ್ಚಿಸುವುದು!

ಹೊಸದಾಗಿ ತಾಂಬರಕ್ಕೆ ಬರುವ ಕನ್ನಡ ಕುಟುಂಬಗಳಿಗೆ, ಅದರಲ್ಲೂ ಮಕ್ಕಳ ಮನೆಗೆ ಬಂದು ಹಗಲೆಲ್ಲ ಒಂಟಿಯಾಗಿರುವ ತಂದೆತಾಯಿಗಳಿಗೆ ಕೊಡಲು, ಇಂಥ ಶಬ್ದಗಳನ್ನು ದಪ್ಪಕ್ಷರದಲ್ಲಿ ಒಂದು ಹಾಳೆಯ ಮೇಲೆ ಅಚ್ಚು ಹಾಕಿಸಬೇಕೆಂದು ಸಂಘದಲ್ಲಿ ಮಾತಾಗಿದೆ. ಆಸ್ಪತ್ರೆ, ಮಳೆ, ಬಾಡಿಗೆ, ಅಂಗಡಿ ಇವುಗಳ ಶಬ್ದಗಳು ಮೊದಲು; ಹುಡುಗರ ಮಾತುಗಳು ಹಿಂಬದಿಗೆ. ವಾಚಕರು ತಾವು ಎಡವಿದ ಶಬ್ದಗಳನ್ನು ಬರೆದು ಮುಂದಿನ ಸಂಚಿಕೆಯೊಳಗೆ ಕಳುಹಿಸಿದರೆ ಸೇರಿಸಿಕೊಳ್ಳುತ್ತೇವೆ. ಈ ಹಾಳೆಗೆ 'ಪಟ್ಟಿ' ಎಂದು ಹೆಸರಿಡೋಣವೆಂದಿದ್ದೆವು. ಕಾಸರಗೋಡಿನ ಆ ಅಜ್ಜಿ ಬೇಡವೆಂದರು. ಮಲೆಯಾಳದಲ್ಲಿ ಪಟ್ಟ��� ಎಂದರೆ ನಾಯಿಯಂತೆ.